ನಾಲ್ಕು ಸ್ಪೇಸಿನ ಮೇಷ್ಟ್ರು

ಸತ್ತವರ ಬಗ್ಗೆ ಕೆಟ್ಟ ಮಾತಾಡಬಾರದು ಅಂತಾರೆ. ಬದುಕಿದ್ದಾಗ ಆಡೋಕೆ ಬಿಡಲಿಲ್ಲ, ಸತ್ತಮೇಲೆ ಆಡಬಾರದು ಅಂದ್ರೆ ಇನ್ಯಾವಾಗ ಆಡೋದು ಸ್ವಾಮಿ?

ಕಳೆದ ತಿಂಗಳು ನಮ್ಮ ಕಾಲೇಜಿನ ಕಂಪ್ಯೂಟರ್ ವಿಭಾಗದ ಹಳೇ ಮುಖ್ಯಸ್ಥ ತೀರಿಕೊಂಡ. ಬೆಳಿಗ್ಗೆ ಒಲೆ ಮೇಲೆ ಹಾಲಿಟ್ಟು ಫೋನ್ ನೋಡಿದರೆ ಗ್ರೂಪಿನ ತುಂಬ ಕೈಮುಗಿದ ಚಿತ್ರಗಳು. 'ಶಿಸ್ತಿನ ಸಿಪಾಯಿ', 'ಆದರ್ಶ ಗುರು', 'ತುಂಬಲಾರದ ನಷ್ಟ'. ಅದನ್ನೆಲ್ಲ ಓದುತ್ತಾ ನಿಂತುಬಿಟ್ಟೆ, ಹಾಲು ಉಕ್ಕಿ ಒಲೆಯೆಲ್ಲ ಹಾಳಾಯ್ತು. ಆ ಸಾವಿನಿಂದ ನನಗೆ ಆದ ನಷ್ಟ ಅದೊಂದೇ.

ಮಧ್ಯಾಹ್ನ ಪ್ರಿನ್ಸಿಪಾಲರು ಫೋನ್ ಮಾಡಿದರು. ಈಗಿರೋರು ಹೊಸಬರು, ಪಾಪ, ಏನೂ ಗೊತ್ತಿಲ್ಲ. "ಮೇಡಂ, ಸರ್ ನೆನಪಿಗೆ ಒಂದು ಪುಸ್ತಕ ತರ್ತಾ ಇದ್ದೀವಿ. ನೀವು ಲ್ಯಾಬಲ್ಲಿ ಅಷ್ಟು ವರ್ಷ ಅವರ ಜೊತೆ ಕೆಲ್ಸ ಮಾಡಿದ್ದೀರಿ. ನಾಲ್ಕು ಒಳ್ಳೆ ಮಾತು ಬರ್ಕೊಡಿ" ಅಂದರು. ಆಯ್ತು ಸರ್ ಅಂದೆ. ಒಂದು ವಾರ ಹುಡುಕಿದೆ. ಒಳ್ಳೆ ಮಾತು ಸಿಗಲಿಲ್ಲ, ಅದಕ್ಕೆ ಸಿಕ್ಕಿದ್ದನ್ನೇ ಬರೀತಾ ಇದ್ದೀನಿ. ಅವರು ಹಾಕಿದರೆ ಹಾಕಲಿ, ಬುಟ್ಟರೆ ಬುಡಲಿ.

ಹೆಸರು ಬರೆಯಲ್ಲ. ಹೆಂಡತಿ ಮಕ್ಕಳು ಇದ್ದಾರೆ, ಅವರು ನನಗೇನೂ ಮಾಡಿಲ್ಲ. ಇನ್ನೊಂದು ವಿಷಯ. ಹಿರಿಯರು, ಮರ್ಯಾದೆಗೆ 'ಅವರು' ಅನ್ನಬೇಕು. ಬರೀತಾ ಬರೀತಾ ಅದು 'ಅವನು' ಆಗಿಬಿಡುತ್ತೆ. ನಾನು ಹಾರನಹಳ್ಳಿ ಕಡೆಯವಳು, ನಮ್ಮ ಬಾಯಿ ಅಷ್ಟು ಮೆತ್ತಗಿಲ್ಲ, ತಿದ್ದೋಕೆ ಹೋಗಲ್ಲ.

ಆಸಾಮಿ ಕೆ.ಆರ್. ನಗರದ ಹೊಸ ಅಗ್ರಹಾರದ ಹತ್ತಿರದವನು. ಅಲ್ಲಿಂದ ದಿನಾ ಬೈಕಲ್ಲಿ ಹುಣಸೂರಿಗೆ ಬರೋನು. ಇಸ್ತ್ರಿ ಮಾಡಿದ ಪ್ಯಾಂಟು, ಹಣೆ ಮೇಲೆ ವಿಭೂತಿ. ವಿಭೂತಿಯ ಗೆರೆಗಳು ಹೆಂಗೆ ಇರ್ತಿದ್ದವು ಅಂತೀರಾ, ಮೇಲಿನದಕ್ಕೂ ಕೆಳಗಿನದಕ್ಕೂ ಕೂದಲಿನಷ್ಟು ವ್ಯತ್ಯಾಸ ಇಲ್ಲ. ಬೈಕನ್ನು ಗೋಡೆಗೆ ಸಮವಾಗಿ ನಿಲ್ಲಿಸೋನು. ಪಕ್ಕದಲ್ಲಿ ಯಾರದಾದರೂ ಸ್ಕೂಟರ್ ಓರೆಯಾಗಿದ್ದರೆ ಹೆಲ್ಮೆಟ್ ಕೂಡ ತೆಗೆಯದೆ ಮೊದಲು ಅದನ್ನು ಎಳೆದು ನೆಟ್ಟಗೆ ಮಾಡೋನು. ನನ್ನ ಸ್ಕೂಟಿಯ ಸ್ಟ್ಯಾಂಡ್ ಮುರಿದದ್ದು ಹಾಗೇ. ಕೇಳಿದರೆ, "ಓರೆ ನಿಲ್ಸಿದ್ರಿ ಮೇಡಂ" ಅಂದ. ತಪ್ಪಾಯ್ತು ಅನ್ನೋ ಮಾತು ಆ ಬಾಯಲ್ಲಿ ಬಂದದ್ದನ್ನು ನಾನಂತೂ ಕೇಳಿದವಳಲ್ಲ.

ಅಂಗಿ ಜೇಬಲ್ಲಿ ಬೇರೆ ಮೇಷ್ಟ್ರುಗಳಿಗೆ ಪೆನ್ನು ಇದ್ದರೆ ಇವನಿಗೆ ಒಂದು ಗಿಡ್ಡ ಪ್ಲಾಸ್ಟಿಕ್ ಸ್ಕೇಲು. ಗಣಿತದವನಲ್ಲ, ಡ್ರಾಯಿಂಗಿನವನಲ್ಲ, ಸ್ಕೇಲ್ ಯಾತಕ್ಕೆ ಅಂತ ನಾನೂ ಸೇರಿದ ಹೊಸದರಲ್ಲಿ ಯೋಚಿಸಿದ್ದೆ. ಲ್ಯಾಬಿಗೆ ಬಂದಾಗ ಗೊತ್ತಾಯ್ತು. ಹುಡುಗರು ಬರೆದ ಪ್ರೋಗ್ರಾಂ ಓದೋಕೆ ಮುಂಚೆ ಆ ಸ್ಕೇಲನ್ನು ಕಂಪ್ಯೂಟರಿನ ಗಾಜಿಗೆ ಅಡ್ಡ ಹಿಡಿದು, ಒಂದು ಕಣ್ಣು ಮುಚ್ಚಿ, ಎಡಗಡೆಯ ಅಂಚು ನೆಟ್ಟಗಿದೆಯಾ ಅಂತ ನೋಡೋನು. ನೆಟ್ಟಗಿದ್ದರೆ ತಲೆ ಆಡಿಸಿ ಮುಂದಕ್ಕೆ. ಓದೋದು ಅಂದೆನಲ್ಲ, ಅದು ನನ್ನ ಬಾಯಿ ತಪ್ಪಿ ಬಂದ ಮಾತು. ಓದ್ತಾ ಇರಲಿಲ್ಲ.

ಕಂಪ್ಯೂಟರ್ ಗೊತ್ತಿಲ್ಲದೋರಿಗೆ ಎರಡು ಮಾತು ಹೇಳಿಬಿಡ್ತೀನಿ. ಪ್ರೋಗ್ರಾಂ ಬರೆಯುವಾಗ ಒಂದರೊಳಗೆ ಇನ್ನೊಂದು ಬರುವ ಸಾಲುಗಳನ್ನು ಎಡಗಡೆಯಿಂದ ಸ್ವಲ್ಪ ಒಳಕ್ಕೆ ತಳ್ಳಿ ಬರೀತಾರೆ, ಪ್ಯಾರಾ ಶುರು ಮಾಡುವಾಗ ಜಾಗ ಬಿಡೋ ಹಾಗೆ. ಆ ಜಾಗ ಬಿಡೋಕೆ ಎರಡು ದಾರಿ. ಕೀಬೋರ್ಡಿನ ಎಡತುದಿಯಲ್ಲಿರೋ ಟ್ಯಾಬ್ ಕೀಯನ್ನು ಒಂದು ಸಲ ಒತ್ತಬಹುದು, ಇಲ್ಲವಾದರೆ ಕೆಳಗಿನ ಉದ್ದನೆಯ ಸ್ಪೇಸ್ ಕೀಯನ್ನು ನಾಲ್ಕು ಸಲ ಒತ್ತಬಹುದು. ಕಣ್ಣಿಗೆ ಎರಡೂ ಒಂದೇ ಥರ ಖಾಲಿ ಜಾಗ. ಕಂಪ್ಯೂಟರಿಗೆ ಮಾತ್ರ ಅವೆರಡೂ ಬೇರೆ ಬೇರೆ. ಬೆರೆಸಿ ಬರೆದರೆ ಕೆಲವು ಸಲ ಪ್ರೋಗ್ರಾಂ ಓಡೋದೇ ಇಲ್ಲ. ಅದಕ್ಕೆ ಯಾವುದಾದರೂ ಒಂದನ್ನೇ ಹಿಡ್ಕೊಳ್ಳಿ ಅನ್ನೋದು ಒಳ್ಳೆ ಮಾತೇ, ನಾನೂ ಹೇಳ್ತೀನಿ. ಬರೆಯುವ ಎಡಿಟರಿನ ಸೆಟ್ಟಿಂಗ್ಸಿಗೆ ಹೋಗಿ ಒಂದು ಟಿಕ್ ಹಾಕಿ, ಒಂದು ಅಂಕಿ ತುಂಬಿದರೆ ಮುಗೀತು. ಟೀ ಆರೋದರೊಳಗೆ ಆಗೋ ಕೆಲಸ. ಆ ಟೀ ಆರೋ ಕೆಲಸದಲ್ಲಿ ಈ ಮನುಷ್ಯ ಇಡೀ ಸರ್ವೀಸು ಮುಗಿಸಿದ.

ವರ್ಷದ ಮೊದಲನೇ ವಾರ ಪೂರ್ತಿ ಅದೇ ಪಾಠ. ಮಕ್ಕಳು ಎಲ್ಲೆಲ್ಲಿಂದಲೋ ಬಂದಿರ್ತಿದ್ದವು. ಪಿರಿಯಾಪಟ್ಟಣದ ಹೊಗೆಸೊಪ್ಪಿನ ಬೇಸಾಯಗಾರರ ಮಕ್ಕಳು, ಎಚ್.ಡಿ. ಕೋಟೆ ಕಾಡಂಚಿನವರು, ಕೆಲವರು ಅವತ್ತೇ ಮೊದಲ ಸಲ ಕಂಪ್ಯೂಟರ್ ಮುಂದೆ ಕೂತವರು. ಕಂಪ್ಯೂಟರ್ ಅಂದರೇನು, ಪ್ರೋಗ್ರಾಂ ಅಂದರೇನು, ಒಂದು ಮಾತಿಲ್ಲ. "ಸೆಟ್ಟಿಂಗ್ಸ್ ತೆಗೀರಿ. ಟ್ಯಾಬ್ ಅಗಲ ನಾಲ್ಕು. ಟ್ಯಾಬ್ ಬದ್ಲು ಸ್ಪೇಸ್, ಟಿಕ್ ಹಾಕಿ. ಹಾಕಿದ್ರಾ? ತೆಗೀರಿ. ಇನ್ನೊಂದ್ಸಲ ಹಾಕಿ." ಆಮೇಲೆ ತೋರುಬೆರಳು ಎತ್ತಿ, "ಅಂಚು ನೆಟ್ಟಗಿದ್ರೆ ಬುದ್ಧಿ ನೆಟ್ಟಗಿರ್ತದೆ ಕಣ್ರಪ್ಪ" ಅನ್ನೋನು. ಬುದ್ಧಿಗೂ ಅಂಚಿಗೂ ಎತ್ತಣ ಸಂಬಂಧ ಅಂತ ಯಾರೂ ಕೇಳೋಹಂಗಿರಲಿಲ್ಲ.

ಒಂದು ಸಲ ದಸರಾ ರಜೆ ಮುಗಿಸಿ ಬಂದು ಲ್ಯಾಬಿನ ಬೀಗ ತೆಗೆದೆ. ನೋಡ್ತೀನಿ, ಎಲ್ಲ ಕೀಬೋರ್ಡಲ್ಲೂ ಎಡಗಡೆ ಒಂದೊಂದು ತೂತು. ಟ್ಯಾಬ್ ಕೀಗಳೇ ಇಲ್ಲ! ಕಳ್ಳ ಬಂದು ಇದೊಂದನ್ನೇ ಯಾಕೆ ಕದ್ದ ಅಂತ ಗಾಬರಿಯಿಂದ ಸ್ಟಾಫ್ ರೂಮಿಗೆ ಓಡಿದೆ. ಮಹಾರಾಯ ತಣ್ಣಗೆ ಕೂತು ಅಕ್ಕಿರೊಟ್ಟಿಗೆ ಹುಚ್ಚೆಳ್ಳು ಚಟ್ನಿ ಹಚ್ಚಿಕೊಳ್ತಾ ಇದ್ದ. "ಗಾಬ್ರಿ ಆಗ್ಬೇಡಿ ಮೇಡಂ, ನಾನೇ ಕಿತ್ತಿದ್ದು. ಇದ್ರೆ ತಾನೆ ಒತ್ತೋದು?" ಅಂದ. ರಜೆಯಲ್ಲಿ ಮನೆಯಿಂದ ಸ್ಕ್ರೂ ಡ್ರೈವರ್ ತಂದು, ಒಂದೊಂದನ್ನೇ ಮೀಟಿ ತೆಗೆದು, ಉಪ್ಪಿನಕಾಯಿ ಬಾಟ್ಲಿಗೆ ತುಂಬಿ ಬೀರುವಿನಲ್ಲಿ ಇಟ್ಟಿದ್ದ. ಸರ್ಕಾರದ ಸ್ಕಾಲರ್‌ಶಿಪ್ ಅರ್ಜಿ ತುಂಬುವಾಗ ಒಂದು ಕಾಲಂನಿಂದ ಇನ್ನೊಂದಕ್ಕೆ ಹೋಗೋಕೆ ಆ ಕೀ ಬೇಕಾಗುತ್ತೆ ಅಂತ ಯಾರು ಹೇಳೋದು? ಮಕ್ಕಳು ಮೌಸ್ ಹಿಡಿದು ಪರದಾಡಿದವು. ಇವನು ಬಾಗಿಲಲ್ಲಿ ಕಣ್ಣು ಮುಚ್ಚಿ ನಿಂತು ಟಕ್ ಟಕ್ ಟಕ್ ಟಕ್ ಅಂತ ಸ್ಪೇಸ್ ಕೀ ಸದ್ದು ಕೇಳೋನು, ಸಂಗೀತ ಕಚೇರಿಗೆ ಬಂದವನ ಹಾಗೆ. "ಕಿಟಕಿ ಪಕ್ಕದೋನು, ಮೂರೇ ಸಲ ಒತ್ತಿದೆ ಕಣ್ಲಾ!" ಅಂತ ಅಲ್ಲಿಂದಲೇ ಕೂಗೋನು. ಆಯುಧಪೂಜೆಗೆ ಸ್ಪೇಸ್ ಕೀಗೆ ಕುಂಕುಮ ಹಚ್ಚಿ, ಕುಂಕುಮ ಒಳಗಿಳಿದು, ಕೆಲವು ಕೀಬೋರ್ಡ್ ಶಿವನ ಪಾದ ಸೇರಿದವು.

ಪ್ರೋಗ್ರಾಮಿಂಗ್ ಬರ್ತಿತ್ತಾ ಅಂತ ಕೇಳ್ತೀರಾ? ಒಂದು ಪ್ರಸಂಗ ಹೇಳ್ತೀನಿ, ನೀವೇ ತೀರ್ಮಾನ ಮಾಡಿ. ಸಿ ಭಾಷೆಯ ಲ್ಯಾಬು ನಡೀತಾ ಇತ್ತು. ಬೆಟ್ಟದಪುರದ ಕಡೆಯ ಹುಡುಗ ಒಬ್ಬ ಕೈ ಎತ್ತಿದ. ಅವನ ಪ್ರೋಗ್ರಾಂ ಹತ್ತರವರೆಗೆ ಎಣಿಸಿ ನಿಲ್ಲಬೇಕು, ಅದು ನಿಲ್ಲದೆ ಒಂದೇ ಅಂಕಿಯನ್ನು ಸುರೀತಾ ಇತ್ತು.

"ಸಾ, ನಿಲ್ತಾನೇ ಇಲ್ಲ ಸಾ."

ಇವನು ಹೋದ. ಸ್ಕೇಲ್ ತೆಗೆದ. ಒಂದು ಕಣ್ಣು ಮುಚ್ಚಿದ. "ಕೊನೇ ಸಾಲು ಆಚೆಗೆ ಹೋಗ್ಯದೆ ನೋಡ್ಲಾ. ಒಂದು ಸ್ಪೇಸ್ ತೆಗಿ."

ಹುಡುಗ ತೆಗೆದು ಮತ್ತೆ ಓಡಿಸಿದ. ಮತ್ತೆ ಅದೇ ಸುರಿ.

"ಈಗ ನೋಡು," ಅಂದ ಈ ಪುಣ್ಯಾತ್ಮ, "ಎಷ್ಟು ಲಕ್ಷಣವಾಗಿ ಓಡ್ತಾ ಅದೆ!"

ಎಣಿಕೆ ಒಂದೊಂದಾಗಿ ಏರಿಸುವ ಸಾಲನ್ನೇ ಹುಡುಗ ಬರೆದಿರಲಿಲ್ಲ. ನಾನು ಅವನನ್ನು ಆಚೆ ಕರೆದು ಹೇಳಿಕೊಟ್ಟೆ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಈ ಮೇಷ್ಟ್ರು ಜೀವಮಾನವೆಲ್ಲ ನೆಲದ ಡೊಂಕು ತಿದ್ದುತ್ತಾ ಕುಣಿತದಿಂದ ತಪ್ಪಿಸಿಕೊಂಡ. ಯಾರಾದರೂ ಕಷ್ಟದ ಪ್ರಶ್ನೆ ಕೇಳಿದರೆ ಸಾಕು, ಜೇಬಿಂದ ಸ್ಕೇಲು ಆಚೆ ಬರೋದು. ಅದನ್ನು ಶಿಸ್ತು ಅಂತ ಕರೆದರು, ಕರೆಯಲಿ.

ಬರಬರುತ್ತಾ ಇದು ಇನ್ನೂ ಬಲೀತು. ಎಡಿಟರಿನ ಸೆಟ್ಟಿಂಗ್ಸ್ ಒಳಗೆ ಎಲ್ಲೋ ಮೂಲೆಯಲ್ಲಿ ಇನ್ನೊಂದು ಟಿಕ್ ಇದೆ ಅಂತ ಕಂಡುಹಿಡಿದ. ಅದನ್ನು ಹಾಕಿದರೆ, ಯಾವ ಫೈಲನ್ನೇ ಸೇವ್ ಮಾಡಿ, ಅದರಲ್ಲಿರೋ ಟ್ಯಾಬ್‌ಗಳೆಲ್ಲ ತಾವಾಗೇ ಸ್ಪೇಸ್ ಆಗಿಬಿಡುತ್ವೆ. ಅವತ್ತು ಸ್ಟಾಫಿಗೆಲ್ಲ ಮೈಸೂರ್‌ಪಾಕ್ ಹಂಚಿದ ಅಂದ್ರೆ ನಂಬ್ತೀರಾ? ಪೆನ್‌ಡ್ರೈವಿಗೆ ಆ ಸೆಟ್ಟಿಂಗ್ಸ್ ಹಾಕಿಕೊಂಡು ಎಲ್ಲ ಮೆಷಿನ್ನಿಗೂ ತೀರ್ಥ ಕೊಟ್ಟ ಹಾಗೆ ಕೊಟ್ಟುಕೊಂಡು ಬಂದ. ಅವತ್ತಿಂದ ಕ್ಲಾಸಲ್ಲಿ ಹೊಸ ಮಂತ್ರ: "ಯಾವ ಫೈಲ್ ಕೈಗೆ ಬಂದ್ರೂ ಸರಿ, ಯಾರು ಕೊಟ್ರೂ ಸರಿ, ಮೊದ್ಲು ತೆಗೀರಿ, ಒಂದ್ಸಲ ಸೇವ್ ಮಾಡಿ. ಕೊಳೆ ಹೋಗ್ತದೆ. ಆಮೇಲೆ ಕೆಲ್ಸ ಶುರು."

ನಾನು ಹೇಳಿದೆ. "ಸರ್, ಪ್ರೋಗ್ರಾಮಿಗೆ ಸರಿ. ಬೇರೆ ಫೈಲುಗಳಲ್ಲಿ ಟ್ಯಾಬ್ ಬೇಕಾಗೇ ಇರುತ್ತೆ. ಹೆಸರು ಒಂದು ಕಡೆ, ಊರು ಒಂದು ಕಡೆ ಅಂತ ಬೇರೆ ಮಾಡೋಕೆ ಅದನ್ನೇ ಹಾಕಿರ್ತಾರೆ. ಅದೂ ಅಳಿಸಿಹೋಗುತ್ತೆ."

"ನೀವು ಲ್ಯಾಬ್ ನೋಡ್ಕೊಳ್ಳಿ ಮೇಡಂ," ಅಂದ. ಸಿಟ್ಟಿಲ್ಲ, ಏನಿಲ್ಲ, ನೊಣ ಓಡಿಸಿದ ಹಾಗೆ.

ಒಳ್ಳೇದು ಏನೂ ಇರಲಿಲ್ಲವಾ ಅಂದ್ರೆ, ಇತ್ತಪ್ಪ, ಸುಳ್ಳು ಯಾಕೆ ಹೇಳಲಿ. ಒಂದು ದಿನ ತಡವಾಗಿ ಬಂದವನಲ್ಲ. ಹೆಣ್ಣುಮಕ್ಕಳ ಹತ್ತಿರ ಮರ್ಯಾದೆಯಿಂದ ಇರ್ತಿದ್ದ, ಅದು ಎಲ್ಲರ ಬಗ್ಗೆಯೂ ಹೇಳಬಹುದಾದ ಮಾತಲ್ಲ. ನಮ್ಮಪ್ಪ ಆಸ್ಪತ್ರೆಯಲ್ಲಿದ್ದಾಗ ನನ್ನ ಲ್ಯಾಬ್ ತಾನೇ ನೋಡಿಕೊಂಡ. ಇಷ್ಟೇ. ಬೇಕಾದರೆ ಪ್ರಿನ್ಸಿಪಾಲರು ಈ ಪ್ಯಾರಾ ಒಂದನ್ನೇ ಕತ್ತರಿಸಿ ಹಾಕಿಕೊಳ್ಳಲಿ.

ಈಗ ಜಾನಕಿಯ ವಿಷಯಕ್ಕೆ ಬರ್ತೀನಿ. ಇಷ್ಟು ಹೊತ್ತು ಅಳುಕಿ ಅಳುಕಿ ಆ ಕಡೆ ಈ ಕಡೆ ಹೋಗ್ತಾ ಇದ್ದೆ.

ಜಾನಕಿ ಎಚ್.ಡಿ. ಕೋಟೆಯ ಕಾಡಂಚಿನ ಒಂದು ಹಾಡಿಯ ಹುಡುಗಿ. ಜೇನುಕುರುಬರು. ಅಪ್ಪ ಇಲ್ಲ. ಅವ್ವ ಒಂದಷ್ಟು ದಿನ ಶುಂಠಿ ಹೊಲಕ್ಕೆ, ಒಂದಷ್ಟು ತಿಂಗಳು ಕೊಡಗಿನ ಕಾಫಿ ತೋಟಕ್ಕೆ ಕೂಲಿಗೆ ಹೋಗೋಳು. ಹುಡುಗಿ ಹುಣಸೂರಿನಲ್ಲಿ ಹಾಸ್ಟೆಲಲ್ಲಿದ್ದು ಓದೋಳು. ಮಾತು ಕಡಿಮೆ. ಕ್ಲಾಸಲ್ಲಿ ಹೇಳಿದ್ದನ್ನು ಹೇಳಿದ ಹಾಗೇ ಮಾಡೋಳು, ಒಂದು ಕೂದಲು ಆಚೆ ಈಚೆ ಇಲ್ಲ. ಇವನಿಗೂ ಅವಳನ್ನು ಕಂಡರೆ ಸಂತೋಷ. "ಈ ಮಗೀನ ಅಂಚು ನೋಡ್ರಲೇ" ಅಂತ ಅವಳ ಮಾನಿಟರನ್ನು ಇಡೀ ಕ್ಲಾಸಿಗೆ ತಿರುಗಿಸಿ ತೋರಿಸೋನು. ಅವಳು ನಾಚಿಕೊಂಡು ತಲೆ ಬಗ್ಗಿಸೋಳು.

ಅವರ ಹಾಡಿ ಹತ್ತಿರ ಒಂದು ಆಶ್ರಮ ಶಾಲೆ ಇದೆ. ಹಾಡಿ ಮಕ್ಕಳು ಅಲ್ಲೇ ಉಳಿದು ಓದಬೇಕು. ಉಳೀತಿರಲಿಲ್ಲ, ಓಡಿ ಹೋಗೋವು. ಬರೋ ಮೇಷ್ಟ್ರುಗಳು ಆಚೆ ಊರಿನೋರು, ಮಕ್ಕಳ ಮಾತು ಅವರಿಗೆ ತಿಳಿಯೋಲ್ಲ. ಅಲ್ಲಿಗೆ ಕಂಪ್ಯೂಟರ್ ಬಂದಿತ್ತು, ಕಲಿಸೋಕೆ ಒಬ್ಬರು ಬೇಕಿತ್ತು. ಶಾಲೆಯ ಹೆಡ್‌ಮಾಸ್ಟರು ಇವಳಿಗೆ ಹೇಳಿದ್ದರು: "ಡಿಗ್ರಿ ಪಾಸಾಗಿ ಬಾವ್ವ, ಶಾಲೆ ಶುರುವಾಗೋದ್ರೊಳಗೆ ಮಾರ್ಕ್ಸ್ ಕಾರ್ಡ್ ತಂದುಬುಡು. ಅಲ್ಲೀತಂಕ ಆ ಜಾಗಕ್ಕೆ ಯಾರನ್ನೂ ತಗೊಳಲ್ಲ." ಜಾನಕಿ ನನಗೆ ಇದನ್ನು ಹೇಳುವಾಗ ಮೊದಲ ಸಲ ಅವಳ ಹಲ್ಲು ನೋಡಿದೆ. ಅಷ್ಟು ನಗ್ತಾ ಇದ್ದಳು. "ನಮ್ ಭಾಷೇಲೇ ಹೇಳ್ಕೊಡ್ತೀನಿ ಮೇಡಂ. ಆಗ ಓಡೋಗಲ್ಲ ಅವು. ಅವ್ವಂಗೂ ಕಾಫಿ ತೋಟ ಬುಡುಸ್ತೀನಿ" ಅಂದಳು.

ಕೊನೇ ವರ್ಷದ ಪ್ರಾಕ್ಟಿಕಲ್ ಪರೀಕ್ಷೆ ಬಂತು. ಆಚೆ ಕಾಲೇಜಿನಿಂದ ಒಬ್ಬರು ಎಕ್ಸಾಮಿನರ್ ಬಂದಿದ್ದರು, ಒಳಗಿನ ಎಕ್ಸಾಮಿನರ್ ಇವನೇ. ನಾನು ಲ್ಯಾಬ್ ನೋಡಿಕೊಳ್ಳೋಳು ಅಷ್ಟೆ, ಮಾರ್ಕ್ಸಿಗೂ ನನಗೂ ಸಂಬಂಧ ಇಲ್ಲ. ಬಂದ ಪ್ರಶ್ನೆ ಸುಲಭದ್ದು. ಒಂದು ಡೇಟಾ ಫೈಲ್ ಕೊಟ್ಟಿರ್ತಾರೆ. ಅದರಲ್ಲಿ ರೈತರ ಹೆಸರು, ಊರು, ಬೆಳೆ, ತೂಕ, ಒಂದೊಂದರ ಮಧ್ಯೆ ಒಂದೊಂದು ಟ್ಯಾಬ್. ಆ ಟ್ಯಾಬ್ ಗುರುತು ಹಿಡಿದು ಬಿಡಿಸಿ, ಊರಿಗೆ ಎಷ್ಟು ತೂಕ ಅಂತ ಲೆಕ್ಕ ತೋರಿಸೋ ಪ್ರೋಗ್ರಾಂ ಬರೀಬೇಕು.

ಕ್ಲಾಸಿನ ಉಳಿದ ಹುಡುಗರು ಏನು ಮಾಡಿದರು ಅಂದರೆ, ಡೇಟಾ ಫೈಲನ್ನು ಮುಟ್ಟಲೇ ಇಲ್ಲ. ಸೀದಾ ಪ್ರೋಗ್ರಾಂ ಬರೆದು ಓಡಿಸಿದರು. ವರ್ಷವೆಲ್ಲ ಹಿಂದಿನ ಬೆಂಚಲ್ಲಿ ಗುಟ್ಕಾ ಜಗೀತಾ ಕೂತಿದ್ದವನು ಕೂಡ ಪಕ್ಕದವನದನ್ನು ಇಣುಕಿ ಬರೆದು ಉತ್ತರ ತಂದ. ಮೇಷ್ಟ್ರ ಮಂತ್ರ ಅವರ್ಯಾರ ಕಿವಿಗೂ ಇಳಿದಿರಲಿಲ್ಲ, ಬಚಾವಾದರು.

ಜಾನಕಿ ಮಾತ್ರ ಹೇಳಿದ ಹಾಗೆ ಮಾಡಿದಳು. ಕೈಗೆ ಬಂದ ಫೈಲನ್ನು ಮೊದಲು ತೆಗೆದಳು. ಒಂದು ಸಲ ಸೇವ್ ಮಾಡಿದಳು. ಒಳಗಿದ್ದ ಟ್ಯಾಬ್‌ಗಳೆಲ್ಲ ಸ್ಪೇಸ್ ಆದವು. ಕಣ್ಣಿಗೆ ಏನೂ ಬದಲಾಗಿಲ್ಲ, ಸಾಲುಗಳೆಲ್ಲ ಮೊದಲಿದ್ದ ಹಾಗೇ ನೀಟಾಗಿ ಕೂತಿವೆ. ಆಮೇಲೆ ಪ್ರೋಗ್ರಾಂ ಬರೆದಳು, ಸರಿಯಾಗೇ ಬರೆದಳು. ಓಡಿಸಿದರೆ ಬರೀ ಕೆಂಪಕ್ಷರ. ಟ್ಯಾಬ್ ಹುಡುಕು ಅಂತ ಪ್ರೋಗ್ರಾಂ ಹೇಳುತ್ತೆ, ಹುಡುಕೋಕೆ ಟ್ಯಾಬೇ ಇಲ್ಲ!

ಅವಳು ಮತ್ತೆ ಮತ್ತೆ ತನ್ನ ಪ್ರೋಗ್ರಾಮನ್ನೇ ಓದಿದಳು. ಅಲ್ಲಿ ತಪ್ಪಿದ್ದರೆ ತಾನೆ ಸಿಗೋದು? ಬೆವರು ಒರೆಸಿಕೊಳ್ತಾ ನನ್ನ ಕಡೆ ನೋಡಿದಳು. ಹೇಳೋಹಂಗಿಲ್ಲ, ಪರೀಕ್ಷೆ. ಇವನು ಬಂದ. ಸ್ಕೇಲ್ ಹಿಡಿದ. "ಅಂಚು ಚೆನ್ನಾಗಿ ಅದೆ. ಔಟ್‌ಪುಟ್ ಎಲ್ಲಿ?" ಅಂದ.

"ಬತ್ತಾ ಇಲ್ಲ ಸಾರ್."

ಟೈಮ್ ಮುಗೀತು. ಮಕ್ಕಳೆಲ್ಲ ಆಚೆ ಹೋದಮೇಲೆ ನಾನು ತಡೀಲಾರದೆ ಇವನ ಹತ್ತಿರ ಹೋದೆ. "ಸರ್, ಅವಳ ಡೇಟಾ ಫೈಲನ್ನು ಎಡಿಟರ್ ಕೆಡಿಸಿದೆ. ಟ್ಯಾಬ್ ಎಲ್ಲ ಸ್ಪೇಸ್ ಆಗಿವೆ. ನೀವು ಹಾಕಿದ ಸೆಟ್ಟಿಂಗ್. ಹೊಸ ಫೈಲ್ ಹಾಕಿ ಅವಳ ಪ್ರೋಗ್ರಾಮನ್ನೇ ಓಡಿಸಿ ನೋಡಿ, ಈಗಲೇ ಉತ್ತರ ಬರುತ್ತೆ."

ಆ ಮುಖ ನಾನು ಮರೆಯಲ್ಲ. ಅರ್ಥವಾಗದೆ ಇದ್ದಿದ್ದರೆ ದಡ್ಡ ಅಂತ ಬಿಡ್ತಿದ್ದೆ. ಅರ್ಥ ಆಯ್ತು. ಬಾಯಿ ಸ್ವಲ್ಪ ತೆರೀತು, ಕಣ್ಣು ಆ ಮೆಷಿನ್ ಕಡೆ ಹೋಯ್ತು, ಆಮೇಲೆ ಆಚೆಯಿಂದ ಬಂದ ಎಕ್ಸಾಮಿನರ್ ಕಡೆ ಹೋಯ್ತು. ಅವರು ಬ್ಯಾಗ್ ತೂಗುಹಾಕಿಕೊಂಡು ಬಸ್ಸಿಗೆ ಹೊರಡೋ ತರಾತುರಿಯಲ್ಲಿದ್ದರು. "ಏನ್ ಸರ್, ಏನ್ ಪ್ರಾಬ್ಲಂ?" ಅಂದರು.

"ಏನಿಲ್ಲ ಸರ್," ಅಂದ. "ಹುಡುಗಿ ಫೈಲ್ ಕೆಡಿಸ್ಕೊಂಡವಳೆ."

ಅಷ್ಟೇ ಮಾತು. ನಾನು ಬಾಯಿ ಬಿಟ್ಟೆ, ಜೋರಾಗೇ ಬಿಟ್ಟೆ. ಹುಡುಗಿ ಕೆಡಿಸಿಲ್ಲ, ಈ ಲ್ಯಾಬಿನ ಸೆಟ್ಟಿಂಗ್ ಕೆಡಿಸಿದೆ, ಒಂದು ಸಲ ಓಡಿಸಿ ನೋಡಿ ಅಂದೆ. ಆ ಎಕ್ಸಾಮಿನರ್ ಇವನ ಮುಖ ನೋಡಿದರು. ಇವನು, "ನಮ್ ಲ್ಯಾಬ್ ಮೇಡಂ, ಮಕ್ಕಳ ಮೇಲೆ ಸ್ವಲ್ಪ ಮಮಕಾರ ಜಾಸ್ತಿ" ಅಂತ ನಕ್ಕ. ಅವರೂ ನಕ್ಕರು. "ನೀವು ಎಕ್ಸಾಮಿನರ್ ಅಲ್ಲವಲ್ಲ ಮೇಡಂ, ದಯವಿಟ್ಟು ಆಚೆ ಇರಿ" ಅಂದರು. ಆಗಿನ ಪ್ರಿನ್ಸಿಪಾಲರ ಹತ್ತಿರ ಓಡಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ಎಕ್ಸಾಮಿನರ್ ಸೈನ್ ಮಾಡಿದ್ ಮೇಲೆ ನಾನು ಕೈ ಹಾಕೋಹಂಗಿಲ್ಲ ಕಣಮ್ಮ" ಅಂದರು. ಜಾನಕಿ ಫೇಲ್.

ಮಾರನೇ ದಿನ ಸ್ಟಾಫ್ ರೂಮಲ್ಲಿ ಇಬ್ಬರೇ ಇದ್ದೆವು. "ಸರ್, ನಿಮಗೆ ಗೊತ್ತಿತ್ತು" ಅಂದೆ. ಕರ್ಚೀಫಿನಿಂದ ಸ್ಕೇಲ್ ಒರೆಸ್ತಾ ಇದ್ದ. ತಲೆ ಎತ್ತಲಿಲ್ಲ. "ಸೆಟ್ಟಿಂಗ್ ಸರಿಯಾಗೇ ಇತ್ತು ಮೇಡಂ" ಅಂದ. ಥೂ! ಒಬ್ಬ ಹೊರಗಿನವನ ಮುಂದೆ 'ನನ್ನದು ತಪ್ಪಾಯ್ತು' ಅನ್ನೋಕೆ ಆಗದೆ ಒಂದು ಮಗುವಿನ ಅನ್ನ ಕಿತ್ತ. ಇವನ ಬೆನ್ನುಮೂಳೆಗೆ ಒಂದು ಸಲ ಸ್ಕೇಲ್ ಹಿಡಿದು ನೋಡಬೇಕಿತ್ತು ಯಾರಾದರೂ. ಆ ದಿನದಿಂದ ಅವನು ರಿಟೈರ್ ಆಗೋವರೆಗೆ ಕೆಲಸದ ಮಾತು ಬಿಟ್ಟು ಇನ್ನೊಂದು ಮಾತು ನಾನು ಆಡಲಿಲ್ಲ. ಬೀಳ್ಕೊಡುಗೆ ದಿನ ಎಲ್ಲರೂ ಶಾಲು ಹೊದಿಸುವಾಗ ನಾನು ಲ್ಯಾಬಲ್ಲಿ ಕೂತು ಎಲ್ಲ ಮೆಷಿನ್ನಿಂದ ಆ ಟಿಕ್ ತೆಗೆದೆ.

ಆ ವರ್ಷ ಜಾನಕಿ ಅವ್ವನ ಜೊತೆ ಕೊಡಗಿಗೆ ಹೋದಳು, ಕಾಫಿ ಕುಯ್ಯೋಕೆ. ಮತ್ತೆ ಪರೀಕ್ಷೆ ಕಟ್ಟಿಸಿದೆ, ಬರೆದಳು, ಪಾಸೂ ಆದಳು. ಅಷ್ಟರಲ್ಲಿ ಶಾಲೆಯ ಜಾಗಕ್ಕೆ ಯಾರೋ ಆಚೆ ಊರಿನವರು ಬಂದಾಗಿತ್ತು. ಹೆಡ್‌ಮಾಸ್ಟರು ತಾನೇ ಎಷ್ಟು ದಿನ ಕಾಯ್ತಾರೆ? ಈಗ ಅವಳು ಕೋಟೆ ಹತ್ತಿರದ ಹ್ಯಾಂಡ್‌ಪೋಸ್ಟಲ್ಲಿ ಒಂದು ಜೆರಾಕ್ಸ್ ಅಂಗಡಿಯಲ್ಲಿ ಕೆಲಸಕ್ಕಿದ್ದಾಳೆ. ಪಹಣಿ ತೆಗೆದುಕೊಡೋದು, ಅರ್ಜಿ ತುಂಬೋದು, ಆಧಾರ್ ಜೆರಾಕ್ಸ್. ಹಾಡಿ ಮಕ್ಕಳು ಈಗಲೂ ಶಾಲೆಯಿಂದ ಓಡಿ ಬರ್ತಾವಂತೆ.

ಇದನ್ನು ಬರೆಯೋ ಮುಂಚೆ ಅವಳನ್ನು ಒಂದು ಮಾತು ಕೇಳಬೇಕು ಅನ್ನಿಸಿತು. ಮೊನ್ನೆ ಭಾನುವಾರ ಬಸ್ ಹತ್ತಿ ಹ್ಯಾಂಡ್‌ಪೋಸ್ಟಲ್ಲಿ ಇಳಿದೆ. ಅಂಗಡಿಯಲ್ಲಿ ಜನ ಇದ್ದರು. ನನ್ನನ್ನು ನೋಡಿ ಎದ್ದು ನಿಂತು, ಎದುರಿನ ಹೋಟೆಲಿಗೆ ಟೀ ಹೇಳಿ, ಪ್ಲಾಸ್ಟಿಕ್ ಕುರ್ಚಿ ಒರೆಸಿ ಕೊಟ್ಟಳು.

"ಸಾರು ಹೋದ್ರಂತಲ್ಲ ಮೇಡಂ? ಗ್ರೂಪಲ್ ನೋಡ್ದೆ. ನಾನೂ ಕೈಮುಗ್ದಿರೋದು ಹಾಕ್ದೆ."

"ನೀನ್ಯಾಕೆ ಹಾಕಿದೆ?" ಅಂದೆ. ಸಿಟ್ಟು ಬಂತು ನನಗೆ.

"ಮೇಷ್ಟ್ರಲ್ವಾ?" ಅಂದಳು.

ನಾನು ಬಂದ ವಿಷಯ ಹೇಳಿದೆ. ಎಲ್ಲ ಬರೀತೀನಿ, ನಿನ್ನ ವಿಷಯವನ್ನೂ ಬರೀಲಾ ಅಂತ ಕೇಳಿದೆ. ಬರೀರಿ ಅಂತ ತಲೆ ಆಡಿಸಿದಳು. ಆಮೇಲೆ ಮೆಲ್ಲಗೆ ಹೇಳಿದಳು: "ಹ್ವಾದ್ ವರ್ಷ ಇಲ್ಗೆ ಬಂದಿದ್ರು. ಈ ಕಡೆ ಅವ್ರ ಹೆಂಡ್ತಿ ಮನೇವ್ರ ಜಮೀನಂತೆ, ಪಹಣಿ ಬೇಕಿತ್ತು. ನನ್ ಗುರ್ತು ಹಿಡುದ್ರು. ಚೆನ್ನಾಗಿದ್ದೀಯೇನವ್ವ ಅಂದ್ರು. ಹೋಗ್ವಾಗ ಬಾಗ್ಲಲ್ ನಿಂತ್ಕಂಡು, 'ಅವತ್ತು ನೀನು ಆ ಫೈಲ್ ಸೇವ್ ಮಾಡ್ಬಾರ್ದಿತ್ತು ಕಣವ್ವ' ಅಂದ್ರು."

ಕೈಲಿದ್ದ ಟೀ ಲೋಟ ಕೆಳಗಿಟ್ಟೆ. ಅಷ್ಟು ವರ್ಷ ಆದಮೇಲೂ, ಯಾವ ಎಕ್ಸಾಮಿನರೂ ಎದುರಿಗೆ ಇಲ್ಲದಾಗಲೂ, ಆ ಬಾಯಿಗೆ ಬಂದದ್ದು ಇದು! ತಾನೇ ಕಲಿಸಿದ್ದನ್ನು ಅವಳ ತಲೆಗೆ ಕಟ್ಟಿ ಹೋದ.

"ನೀನೇನಂದೆ?"

"ಏನನ್ಲಿ ಮೇಡಂ. ಪಹಣಿ ಮಡಿಚಿ ಕವರ್‌ಗೆ ಹಾಕ್ಕೊಟ್ಟೆ." ಮುಂದಿದ್ದ ಹಾಳೆಗಳನ್ನು ಜೋಡಿಸಿಟ್ಟಳು. "ಒಂದು ಮಾತ್ ಕೇಳ್ಲಾ ಮೇಡಂ? ಅವತ್ತು ನಾನು ಸೇವ್ ಮಾಡ್ದೆ ಇದ್ದಿದ್ರೆ ಪಾಸಾಯ್ತಿದ್ನಾ?"

ಇಲ್ಲ ಕಣೆ, ಅದೆಲ್ಲ ಯಾಕೆ ಈಗ ಅಂತ ಹೇಳಬಹುದಿತ್ತು. ನನ್ನ ಬಾಯಿಗೆ ಅದು ಬರಲಿಲ್ಲ.

"ಆಗ್ತಿದ್ದೆ," ಅಂದೆ. "ಅವನ ಮಾತು ಕೇಳದೆ ಇದ್ದಿದ್ರೆ ಆಗ್ತಿದ್ದೆ."

ಜಾನಕಿ ಹೂಂಗುಟ್ಟಿದಳು. ಯಾರೋ ಮುದುಕರು ಆಧಾರ್ ಕಾರ್ಡ್ ಚಾಚಿದರು, ತಗೊಂಡು ಮೆಷಿನ್ನಿನ ಗಾಜಿನ ಮೇಲಿಟ್ಟಳು. ನನಗೆ ಬೆನ್ನು ಮಾಡಿಕೊಂಡೇ ಹೇಳಿದಳು:

"ಹಾಡಿಯಿಂದ ಕಳಿಸ್ವಾಗ ಅವ್ವ ಅದೊಂದೇ ಹೇಳಿದ್ಲು ಮೇಡಂ. ಮೇಷ್ಟ್ರು ಹೇಳ್ದಂಗೆ ಕೇಳು ಅಂತ."